ವಿಚ್ಛೇದನದ ತೀರ್ಪಿಗೆ ಮೇಲ್ಮನವಿ: 47 ದಿನ ಆಯ್ತು, ಅವಧಿ ಮುಗೀತಾ?

ಪ್ರಶ್ನೆ: ತಂಗಿಯ ಗಂಡ ಕ್ರೌರ್ಯದ ಕಾರಣ ಕೊಟ್ಟು ಹಾಕಿದ್ದ ಎಂಸಿ (ವೈವಾಹಿಕ) ಕೇಸಿನಲ್ಲಿ ಬೆಳಗಾವಿ ಕೌಟುಂಬಿಕ ನ್ಯಾಯಾಲಯ ವಿಚ್ಛೇದನ ಕೊಟ್ಟಿದೆ. ಇವತ್ತಿಗೆ 47 ದಿನ. ತೀರ್ಪಿನ ನಕಲಿಗೆ 5ನೇ ದಿನ ಅರ್ಜಿ ಕೊಟ್ಟಿದ್ವಿ, 24ನೇ ದಿನ ರೆಡಿಯಾಗಿತ್ತು, ತಂದದ್ದು 40ನೇ ದಿನ. ಒಬ್ಬ ವಕೀಲರು 30 ದಿನ ಅಂತಾರೆ, ಇನ್ನೊಬ್ಬರು 90. ಆತ ಆಗಲೇ ಹೆಣ್ಣು ನೋಡ್ತಿದ್ದಾನೆ. ತಿಳಿದವರು ಹೇಳಿ.

ಕಪ್ಪುಕೋಟು: ಇಬ್ಬರೂ ಸುಳ್ಳು ಹೇಳಿಲ್ಲ ಸರ್. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರ ಕಲಂ 19ರಲ್ಲಿ 30 ದಿನ ಅಂತಿದೆ. ಹಿಂದೂ ವಿವಾಹ ಕಾಯ್ದೆಯ ಕಲಂ 28ರಲ್ಲಿ 2003ರ ತಿದ್ದುಪಡಿಯ ನಂತರ 90. ಬಾಂಬೆ ಹೈಕೋರ್ಟಿನ ಪೂರ್ಣಪೀಠ 2016ರಲ್ಲಿ 90ರ ಪರ ತೀರ್ಪು ಕೊಟ್ಟಿದೆ. ಆದರೆ ನಿಮಗೆ ಆ ಜಗಳವೇ ಬೇಡ. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಕಾಲಮಿತಿ ಕಾಯ್ದೆಯ ಕಲಂ 12 ಬಿಟ್ಟುಕೊಡುತ್ತದೆ. 5ರಿಂದ 24ರವರೆಗೆ 20 ದಿನ ಕಳೆಯಿರಿ, ಉಳಿಯೋದು 27. ಅಂದರೆ 30ರ ಲೆಕ್ಕ ಹಿಡಿದರೂ ಇನ್ನೂ ಮೂರು ದಿನ ಕೈಯಲ್ಲಿದೆ. ರೆಡಿಯಾದ ಮೇಲೂ ತರದೆ ಬಿಟ್ಟ 16 ದಿನ ಮಾತ್ರ ನಿಮ್ಮ ತಲೆ ಮೇಲೇ. ಹೆಚ್ಚಿನವರು ಎಡವೋದು ಇಲ್ಲೇ. ನಕಲಿನ ಮೇಲಿನ ಸೀಲಿನಲ್ಲಿ ಅರ್ಜಿ ಕೊಟ್ಟ ದಿನ, ಸಿದ್ಧವಾದ ದಿನ ಎರಡೂ ಸರಿಯಿದೆಯಾ ಇವತ್ತೇ ನೋಡಿ. ಬೆಂಗಳೂರಿಗೆ ಓಡಬೇಡಿ, ಬೆಳಗಾವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರುತ್ತೆ. ಎಂಎಫ್‌ಎ (ಇತರೆ ಪ್ರಥಮ ಮೇಲ್ಮನವಿ) ಆಗಿ ದಾಖಲಾಗಿ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಬರುತ್ತೆ.

ಗುಮಾಸ್ತ_ಧಾರವಾಡ: ಮೇಲಿನದಕ್ಕೆ ಒಂದು ಸೇರಿಸ್ತೀನಿ. ಮೂರು ದಿನ ಮೀರಿತೋ, ಕಾಲಮಿತಿ ಕಾಯ್ದೆಯ ಕಲಂ 5ರ ವಿಳಂಬ ಮನ್ನಾ ಅರ್ಜಿ ಮತ್ತು ಪ್ರಮಾಣಪತ್ರ ಮೇಲ್ಮನವಿಯ ಜೊತೆಗೇ ಹೋಗಬೇಕು. 90 ಇದೆಯಲ್ಲ ಅಂತ ಕೂರಬೇಡಿ. ವಿಳಂಬಕ್ಕೆ "ಅನಾರೋಗ್ಯ" ಅಂತ ಒಂದೇ ಪದ ಬರೆದರೆ ನಡೆಯಲ್ಲ, ಯಾವ ತಾರೀಖಿನಿಂದ ಯಾವ ತಾರೀಖಿಗೆ, ಚೀಟಿ ಎಲ್ಲಿ ಅಂತ ಕೇಳ್ತಾರೆ.

ಮರುಮದುವೆ ವಿಷಯ: ಹಿಂದೂ ವಿವಾಹ ಕಾಯ್ದೆಯ ಕಲಂ 15ರ ಪ್ರಕಾರ ಮೇಲ್ಮನವಿಯ ಅವಧಿ ಮುಗಿಯೋವರೆಗೆ, ಹಾಕಿದ್ದರೆ ಅದು ವಜಾ ಆಗೋವರೆಗೆ, ಆತ ಮದುವೆಯಾಗೋ ಹಾಗಿಲ್ಲ. ಅವಧಿ ಮುಗಿದ ಮೇಲೆ, ನೀವು ತಡವಾಗಿ ಬರೋ ಮೊದಲೇ ತಾಳಿ ಕಟ್ಟಿಬಿಟ್ಟರೆ ನಿಮ್ಮ ಕೇಸು ಇಕ್ಕಟ್ಟಿಗೆ ಬೀಳುತ್ತೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿಗೆ (ವಿಚ್ಛೇದನ ಕೊಟ್ಟ ಆದೇಶಕ್ಕೆ) ತಡೆ ಸಿಗಲ್ಲ. ತಡೆಯಾಜ್ಞೆಗೆ ಬೇರೆ ಮಧ್ಯಂತರ ಅರ್ಜಿ ಹಾಕಿ, ದಾಖಲಾದ ದಿನವೇ ಎದುರು ವಕೀಲರಿಗೆ ಪ್ರತಿ ಮುಟ್ಟಿಸಿ.

ಅರುಂಧತಿ_ನಕ್ಷತ್ರ: ಅಣ್ಣಾ, ತಂಗಿಯ ಖರ್ಚು ಮರೀಬೇಡಿ. ಕೆಳಗಿನ ಕೋರ್ಟಿನ ಮಧ್ಯಂತರ ಜೀವನಾಂಶ ಕೇಸು ಮುಗಿದಾಗಲೇ ನಿಂತಿರುತ್ತೆ. ಹೈಕೋರ್ಟಿನಲ್ಲಿ ಹಿಂದೂ ವಿವಾಹ ಕಾಯ್ದೆಯ ಕಲಂ 24ರಡಿ ಹೊಸದಾಗಿ ಕೇಳಬೇಕು. ಜೊತೆಗೆ ಆಸ್ತಿ-ಸಾಲಗಳ ಪ್ರಮಾಣಪತ್ರ, ರಜನೇಶ್ ವರ್ಸಸ್ ನೇಹಾ ತೀರ್ಪಿನ (2020) ನಮೂನೆಯಲ್ಲೇ. ಇನ್ನು, ಆಕೆಗೆ ನಿಜವಾಗಿ ಬೇಕಿರೋದೇನು ಅಂತ ಮೊದಲು ಕೇಳಿ. ಸಂಸಾರ ಬೇಡ, ಶಾಶ್ವತ ಜೀವನಾಂಶವೇ ಕಡಿಮೆಯಾಯ್ತು ಅನ್ನೋದಾದರೆ ಅದೇ ಕಾಯ್ದೆಯ ಕಲಂ 25ರ ಆದೇಶದ ಮೇಲಷ್ಟೇ ಮೇಲ್ಮನವಿ ಹಾಕಬಹುದು. ವಿಚ್ಛೇದನವನ್ನೂ ಎಳೆದಾಡಿದರೆ ವರ್ಷಗಳು ಹೋಗ್ತವೆ.

ಕಪ್ಪುಕೋಟು: ಅಕ್ಕ ಹೇಳಿದ್ದು ಸರಿ. ಒಂದು ಮಾತು ಬಿಟ್ಟಿದ್ದೆ. ಮೇಲ್ಮನವಿಯ ಆಧಾರಗಳಲ್ಲಿ "ತೀರ್ಪು ಕಾನೂನಿಗೆ ವಿರುದ್ಧ" ಅಂತ ಹತ್ತು ಸಲ ಬರೆಯೋದು ದಂಡ. ಪಿಡಬ್ಲ್ಯು 1 (ಅರ್ಜಿದಾರರ ಕಡೆಯ ಮೊದಲ ಸಾಕ್ಷಿ) ಪಾಟಿ ಸವಾಲಿನಲ್ಲಿ ಒಪ್ಪಿಕೊಂಡ ಯಾವ ಸಾಲನ್ನು ತೀರ್ಪು ನೋಡಲಿಲ್ಲ, ಯಾವ ನಿಶಾನೆಯನ್ನು (ಗುರುತು ಹಾಕಿದ ದಾಖಲೆಯನ್ನು) ತಪ್ಪಾಗಿ ಓದಿತು, ಅದನ್ನು ಪುಟ ಸಮೇತ ತೋರಿಸಿ. ಹೈಕೋರ್ಟ್ ಸಾಕ್ಷ್ಯವನ್ನೂ ಮತ್ತೆ ತೂಗಬಹುದು, ಹಾಗಾಗಿ ಅದಕ್ಕೆ ಬೆಲೆಯಿದೆ. ಹೊಸ ವಾಟ್ಸಾಪ್ ಸಂದೇಶ, ಫೋಟೋ ಸೇರಿಸ್ತೀವಿ ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41 ನಿಯಮ 27ರ ಅರ್ಜಿ ಬೇಕು. ವಿಚಾರಣೆ ವೇಳೆ ಕೈಯಲ್ಲೇ ಇದ್ದದ್ದನ್ನು ಆಗ ಯಾಕೆ ಕೊಡಲಿಲ್ಲ ಅನ್ನೋದಕ್ಕೆ ಉತ್ತರವಿಲ್ಲದಿದ್ದರೆ ಅದು ಒಳಗೆ ಬರೋದು ಕಷ್ಟ.

ಗುಮಾಸ್ತ_ಧಾರವಾಡ: ಇದೇ ಹುಡುಕ್ತಾ ಬರೋ ಬೇರೆಯವರಿಗೆ: ಪರಸ್ಪರ ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲ. ಏಕಪಕ್ಷೀಯ (ಎದುರುದಾರರ ಗೈರಿನಲ್ಲಿ ಕೊಟ್ಟ) ಡಿಕ್ರಿಯಾದರೆ ಅದೇ ನ್ಯಾಯಾಲಯದಲ್ಲಿ ಅದೇ ಸಂಹಿತೆಯ ಆದೇಶ 9 ನಿಯಮ 13ರ ಅರ್ಜಿ ಹಾಕಿ, 30 ದಿನದೊಳಗೆ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ ಎಣಿಕೆ. ಮೊದಲು ಮೇಲ್ಮನವಿ ಹಾಕಿ ಅದು ತೀರ್ಮಾನವಾಗಿಬಿಟ್ಟರೆ ಈ ಬಾಗಿಲು ಮುಚ್ಚುತ್ತೆ.