ಮೆಣಸಿನ ಬಳ್ಳಿ ಹುಲುಸಾಗಿದೆ, ಕಾಳು ಮಾತ್ರ ಇಲ್ಲ

ತೋಟದವ, ಸಾಗರ:
ಅಡಿಕೆ ಮರಕ್ಕೆ ಹಬ್ಬಿಸಿದ ಪಣಿಯೂರು-1 ತಳಿಯ ಕಾಳುಮೆಣಸು. ನೆಟ್ಟು ಐದಾರು ವರ್ಷ ಆಯ್ತು. ಎಲೆ ಕಡು ಹಸಿರು, ರೋಗದ ಸುಳಿವಿಲ್ಲ. ಕಾಳು ಮಾತ್ರ ಕಾಣೆ. ಹೂ ಬರಿಸೋ ಟಾನಿಕ್ ಹೊಡೀರಿ ಅಂತಾರೆ ಅಂಗಡಿಯವರು. ಹೊಡೀಲಾ?

ಹಬ್ಬುಬಳ್ಳಿ, ಶಿರಸಿ:
ಸುಮ್ನೆ ದುಡ್ಡು ಹಾಳು. ಮೊದಲು ಹೇಳಿ, ತೆನೆಯೇ ಬರ್ತಿಲ್ವಾ, ಬಂದು ಉದುರ್ತಿದೆಯಾ? ಎರಡಕ್ಕೂ ಮದ್ದು ಬೇರೆ. ಮತ್ತೆ, ಬಳ್ಳಿ ಎಲ್ಲಿಂದ ತಂದದ್ದು?

ತೋಟದವ:
ತೆನೆಯೇ ಕಡಿಮೆ. ಇರೋದೂ ರಸ್ತೆ ಬದಿಯ ಸಾಲಲ್ಲಿ, ಅದೂ ತುದಿಗೆ. ಕೆಳಗೆ ಅಡ್ಡ ರೆಂಬೆಯೇ ಇಲ್ಲ, ಬರೀ ಕಾಂಡ. ಪಕ್ಕದ ತೋಟದವರು ಮೇಲಿಂದ ಜೋತಾಡುತ್ತಿದ್ದ ಬಳ್ಳಿ ಕತ್ತರಿಸಿ ಕೊಟ್ಟಿದ್ದರು. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಓಡ್ತಾನೇ ಇರುತ್ತೆ.

ಹಬ್ಬುಬಳ್ಳಿ:
ಅಲ್ಲೇ ಇದೆ ನೋಡಿ. ತೆನೆ ಬರೋದು ಅಡ್ಡ ರೆಂಬೆಯಲ್ಲಿ. ಜೋತಾಡುವ ಬಳ್ಳಿಯಿಂದ ಮಾಡಿದ ಗಿಡ ಏರುತ್ತಾ ಹೋಗುತ್ತೆ, ಫಸಲಿಗೆ ಬರೋದು ತಡ. ನಾಟಿಗೆ ಬೇಕಾದ್ದು ಒಳ್ಳೆ ತಾಯಿಬಳ್ಳಿಯ ಬುಡದಿಂದ ನೆಲದ ಮೇಲೆ ಹರಿಯುವ ಬಳ್ಳಿ. ಅದು ಮಣ್ಣಿಗೆ ಬೇರು ಬಿಡದ ಹಾಗೆ ಗೂಟಕ್ಕೆ ಸುತ್ತಿಟ್ಟು, ಫೆಬ್ರವರಿ-ಮಾರ್ಚಲ್ಲಿ ಎರಡು ಮೂರು ಗಿಣ್ಣಿನ ತುಂಡು ಮಾಡಿ ಪಾಲಿಥಿನ್ ಚೀಲಕ್ಕೆ ಹಾಕಬೇಕು.

ಎರಡನೇದು ನೆರಳು. ಪಣಿಯೂರು-1 ಕೇರಳದ ಸಂಶೋಧನಾ ಕೇಂದ್ರದ ಹೈಬ್ರಿಡ್, ಬಿಸಿಲು ಬೀಳುವ ಜಾಗದ ತಳಿ. ನಮ್ಮ ಹಳೇ ತೋಟಗಳಲ್ಲಿ ಅಡಿಕೆ ಮರಗಳ ನಡುವೆ 9 ಅಡಿ ಅಂತರ ಎಲ್ಲಿದೆ ಹೇಳಿ, ಹಿರಿಯರು ಒತ್ತೊತ್ತಾಗಿ ಹಾಕಿಬಿಟ್ಟಿದ್ದಾರೆ. ನೆರಳಿಗೆ ಕರಿಮುಂಡ ತಳಿ ವಾಸಿ. ಮೂರನೇದು ನೀರು. ಮಾರ್ಚ್ ಕೊನೆಗೆ ನೀರು ನಿಲ್ಲಿಸಿ ಮಳೆಯ ತನಕ ಬಳ್ಳಿಗೆ ಸ್ವಲ್ಪ ಒಣ ಹವೆ ಸಿಕ್ಕರೆ ತೆನೆ ಚೆನ್ನಾಗಿ ಬರುತ್ತೆ. ಆದರೆ ಅಡಿಕೆ ಒಣಗಿಸೋಕಾಗಲ್ಲ ಅಲ್ವಾ? ಹಾಗಾಗಿ ನೀರು ನಿಲ್ಲಿಸೋ ಗೋಜಿಗೆ ಹೋಗಬೇಡಿ, ಅಂಚಿನ ಕಾಡುಮರ ಸವರಿ ಬೆಳಕು ಬಿಡಿ. ಯೂರಿಯಾ ಕಡಿಮೆ ಮಾಡಿ, ಪೊಟ್ಯಾಷ್ ಜಾಸ್ತಿ ಕೊಡಿ.

ಮರಗಸಿ, ಸಕಲೇಶಪುರ:
ಒಂದು ತಕರಾರು. ನಮ್ಮ ಕಡೆ ಎತ್ತರದ ಎಸ್ಟೇಟುಗಳಲ್ಲಿ ಮಾರ್ಚ್ ಮಧ್ಯದಿಂದಲೇ ಪಣಿಯೂರಿಗೆ ನೀರು ಕೊಡ್ತೀವಿ. ಮಳೆ ತಡವಾದರೆ ಬರೀ ಹೆಣ್ಣು ಹೂವಿನ ತೆನೆ ಜಾಸ್ತಿ, ಪರಾಗ ಸಿಗದೆ ತೆನೆ ಹಳದಿಯಾಗಿ ಉದುರುತ್ತೆ. ಭೂತಗನ್ನಡಿಯಲ್ಲಿ ನೋಡಿ, ನಕ್ಷತ್ರದ ಹಾಗಿರುವ ಬಿಳಿ ಶಲಾಕಾಗ್ರದ (ಹೂವಿನ ಹೆಣ್ಣು ಭಾಗದ ತುದಿ) ಪಕ್ಕ ಪುಟಾಣಿ ಪರಾಗದ ಚೀಲ ಇರಬೇಕು.

ಹಬ್ಬುಬಳ್ಳಿ:
ಅದು ಉದುರೋ ಕೇಸು, ಇವರದ್ದು ಬಾರದ ಕೇಸು. ಆದರೂ ಮಳೆ ಮುಖ್ಯ ಅನ್ನೋದು ನಿಜ. ಮೇ-ಜೂನಲ್ಲಿ 20 ದಿನದೊಳಗೆ 70 ಮಿ.ಮೀ. ಬಿದ್ದರೆ ಚಿಗುರು, ತೆನೆ ಶುರು. ಆಮೇಲೆ ಮಳೆ ಕೈಕೊಟ್ಟರೆ ಕಾಳು ಕಟ್ಟೋದು ಕಡಿಮೆ.

ತೋಟದವ:
ಹಾಗಾದ್ರೆ ಎಲ್ಲಾ ಕಿತ್ತು ಹಾಕ್ಲಾ?

ಹಬ್ಬುಬಳ್ಳಿ:
ಬೇಡ. ರಸ್ತೆ ಸಾಲು ಹಾಗೇ ಇರಲಿ. ಒಳಗಿನ ಸಾಲಲ್ಲಿ ಜೂನಿಗೆ ಮರದ ಉತ್ತರ ಬದಿಗೆ ಕರಿಮುಂಡ ನೆಟ್ಟು, ಅದು ಏರಿದ ಮೇಲೆ ಹಳೇದನ್ನ ತೆಗೀರಿ.

ತೋಟದವ:
ಸರಿ. ಇರೋ ನಾಲ್ಕು ತೆನೆ?

ಮರಗಸಿ:
ತೆನೆಯಲ್ಲಿ ಒಂದೆರಡು ಕಾಳು ಕೆಂಪಾದ ಕೂಡಲೇ ಕೊಯ್ದು ಒಣಗಿಸಿ. ಬೋಳುಕಾಳು, ಅಂದ್ರೆ ಬಿಳಿ ಮೆಣಸು, ಬೇಕಿದ್ದರೆ ಪೂರ್ತಿ ಹಣ್ಣಾಗಲಿ, ವಾರ ಹತ್ತು ದಿನ ನೀರಲ್ಲಿ ನೆನೆಸಿ ಸಿಪ್ಪೆ ಉಜ್ಜಿ ತೆಗೀರಿ. ನೀರು ದಿನಾ ಬದಲಿಸಿ, ಇಲ್ಲದಿದ್ರೆ ವಾಸನೆಗೆ ಮನೆಯವರು ಬಿಡಲ್ಲ.