ಪದಚರ್ಚೆ: ‘ಕಮ್ಯೂನಿಸಂನ ಬಲಿಪಶುಗಳು’ ಎನ್ನಬಹುದೇ?

ಪ್ರಶ್ನೆ:
ಮಾನ್ಯರೇ, ಪ್ರಾಗ್ ನಗರದ ಪೆತ್ರೀನ್ ಗುಡ್ಡದ ಬುಡದಲ್ಲಿ, ಕಮ್ಯೂನಿಸ್ಟ್ ಆಳ್ವಿಕೆಗೆ ತುತ್ತಾದವರ ನೆನಪಿಗೆ 2002ರಲ್ಲಿ ನಿಲ್ಲಿಸಿದ ಸ್ಮಾರಕದ ಛಾಯಾಚಿತ್ರಕ್ಕೆ ಕನ್ನಡ ಫಲಕವೊಂದನ್ನು ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕಾಗಿದೆ. ಮೆಟ್ಟಿಲುಗಳ ಮೇಲೆ ನಿಂತ ಕಂಚಿನ ಮನುಷ್ಯರು ಹಿಂದಕ್ಕೆ ಹೋದಂತೆಲ್ಲ ಮೈ ಸೀಳಿ, ಕೈ ಕಳೆದು ಇಲ್ಲವಾಗುತ್ತಾರೆ. ಹೆಸರಿನಲ್ಲಿರುವ ಚೆಕ್ ಪದ ‘ಒಬ್ಯೆತ್’. ಅದಕ್ಕೆ ‘ಬಲಿಪಶು’ ಎಂದು ಬರೆದಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ‘ಸಂತ್ರಸ್ತ’ ಆದೀತೆ?

ಉತ್ತರ:
ಆಗದು. ‘ತ್ರಸ್’ ಎಂದರೆ ನಡುಗು, ಹೆದರು, ಸಂತ್ರಸ್ತನೆಂದರೆ ಬೆದರಿದವನು. ನೆರೆಯಲ್ಲಿ ಮನೆ ಕಳೆದುಕೊಂಡವರನ್ನು ಪತ್ರಿಕೆಗಳು ಹಾಗೆ ಕರೆದ ಮಾತ್ರಕ್ಕೆ ಧಾತು ಬದಲಾಗುವುದಿಲ್ಲ. ‘ಬಲಿ’ಯೇ ಸರಿ, ಒಬ್ಯೆತ್‌ಗೂ ರಷ್ಯನ್ನಿನ ‘ಝೆರ್ತ್ವ’ಕ್ಕೂ ದೇವರಿಗೆ ಅರ್ಪಿಸಿದ್ದು ಎಂಬ ಅರ್ಥವೂ ಇದೆ. ಅಂದಹಾಗೆ, ‘ಸಮತಾವಾದ’ ಇರುವಾಗ ‘ಕಮ್ಯೂನಿಸಂ’ ಎಂಬ ಎರವಲು ಏಕೆ?

ಮರು ಉತ್ತರ:
ಮೊದಲು ಉತ್ತರಿಸಿದವರ ಮಾತನ್ನು ನಾನು ಒಪ್ಪೆ; ಧಾತುವನ್ನು ಹಿಡಿದು ಫಲಕ ಬರೆಯಲಾಗದು. ಇಂದಿನ ಕನ್ನಡದಲ್ಲಿ ‘ಬಲಿ’ ಎಂದರೆ ಸಾವು. ಆ ಸ್ಮಾರಕದ ಕಂಚಿನ ಪಟ್ಟಿಯಲ್ಲಿ 1948ರಿಂದ 1989ರವರೆಗಿನ ಕಮ್ಯೂನಿಸ್ಟ್ ಆಳ್ವಿಕೆಯ ಲೆಕ್ಕವಿದೆ: ಶಿಕ್ಷೆಗೊಳಗಾದವರು 2,05,486, ದೇಶ ಬಿಟ್ಟವರು 1,70,938, ಸೆರೆಮನೆಗಳಲ್ಲಿ ಸತ್ತವರು 4,500, ಗಡಿಯಲ್ಲಿ ಸತ್ತವರು 327, ಮರಣದಂಡನೆಗೆ ಗುರಿಯಾದವರು 248. ‘ಬಲಿ’ ಎಂದೊಡನೆ ಮೊದಲ ಎರಡು ಸಾಲಿನ ಬಹುಪಾಲು ಜನ ಹೊರಗುಳಿಯುತ್ತಾರೆ; ಸೆರೆಯಾದವರಿಗೆ, ಕೊಲ್ಲಲ್ಪಟ್ಟವರಿಗೆ ಮಾತ್ರವಲ್ಲದೆ ಬಾಳು ಹಾಳಾದವರಿಗೂ ಇದು ಅರ್ಪಿತವೆಂದು ಅಲ್ಲಿಯ ಫಲಕವೇ ಹೇಳುತ್ತದೆ. ಇನ್ನು ‘ಸಮತಾವಾದ’: ಆ ಆಳ್ವಿಕೆಯಲ್ಲಿ ಯಾಕಿಮೋವ್ ಊರಿನ ಯುರೇನಿಯಂ ಗಣಿಯಲ್ಲಿ ಬಲವಂತಕ್ಕೆ ದುಡಿದ ಕೈದಿಯ ನೆನಪಿನ ಮೇಲೆ ಆ ಪದ ಕೆತ್ತುವುದು ಅಣಕವಾಗುತ್ತದೆ. ನಮ್ಮಲ್ಲಿ ಆ ವಾದದ ಪಕ್ಷಗಳೇ ತಮ್ಮನ್ನು ಕಮ್ಯೂನಿಸ್ಟ್ ಎಂದು ಕರೆದುಕೊಳ್ಳುತ್ತವೆ, ನಮಗೇಕೆ ಮಡಿ?

ಪ್ರಶ್ನೆ ಕೇಳಿದವರು:
ಆಯೋಜಕರು ‘ಹುತಾತ್ಮ’ ಹಾಕಿ ಎನ್ನುತ್ತಿದ್ದಾರೆ.

ಮರು ಉತ್ತರ:
ಬೇಡ. 1950ರ ಜೂನ್ 27ರಂದು ಗಲ್ಲಿಗೇರಿದ, ಆ ಆಳ್ವಿಕೆಯನ್ನು ವಿರೋಧಿಸಿದ ರಾಜಕಾರಣಿ ಮಿಲಾದಾ ಹೊರಾಕೊವಾ ಅವರಿಗೆ ಆ ಪದ ಒಪ್ಪೀತು. ಮಿಕ್ಕವರಲ್ಲಿ ಹೆಚ್ಚಿನವರು ತಮ್ಮನ್ನು ತಾವು ಹೋಮಕ್ಕೆ ಒಡ್ಡಿಕೊಂಡವರಲ್ಲ, ಹಿಡಿದು ಒಯ್ಯಲ್ಪಟ್ಟವರು. ‘ಕಮ್ಯೂನಿಸ್ಟ್ ಆಳ್ವಿಕೆಯಲ್ಲಿ ಮಡಿದವರ, ನೊಂದವರ ಸ್ಮಾರಕ’ ಎಂದು ಬರೆಯಿರಿ.

ಮೊದಲ ಉತ್ತರದವರು:
ಒಂದು ಪದ ಕೇಳಿದವರಿಗೆ ವಾಕ್ಯ ಕೊಟ್ಟಿದ್ದೀರಿ. ಇದು ಅನುವಾದವಲ್ಲ, ವ್ಯಾಖ್ಯಾನ.

ಪ್ರಶ್ನೆ ಕೇಳಿದವರು:
ಫಲಕದಲ್ಲಿ ಎರಡು ಸಾಲಿಗೆ ಜಾಗವಿದೆ. ವಾಕ್ಯವನ್ನೇ ಕಳುಹಿಸುತ್ತಿದ್ದೇನೆ.