ಸಹಾಯ ಬೇಕು: ಹಕ್ಕುಗಳ ಸಂಶೋಧನೆಗೆ ವಕೀಲರು ಬಜೆಟ್ ಲೆಕ್ಕವನ್ನೂ ಕಲಿಯಬೇಕಾ?

ಎಲ್ಲರಿಗೂ ನಮಸ್ಕಾರ. ವಕೀಲಿಕೆ ಶುರು ಮಾಡಿ ಮೂರು ವರ್ಷ ಆಯಿತು. ವಸತಿ, ಆರೋಗ್ಯದಂಥ ಹಕ್ಕುಗಳ ಬಗ್ಗೆ ಪೂರ್ತಿ ಸಂಶೋಧನೆಗೇ ಇಳಿಯುವ ಆಸೆ. ಎರಡು ಕಡೆ ಪ್ರಸ್ತಾವ ಕಳಿಸಿದೆ, ಎರಡೂ ವಾಪಸ್ ಬಂದವು. "ಕಾನೂನು ಸರಿಯಾಗಿದೆ, ಅಳೆಯುವುದು ಹೇಗೆ ಅಂತ ಬರೆದಿಲ್ಲ" ಅಂದರು.

ಸಿಕ್ಕಿಕೊಂಡಿರುವುದು ಇಲ್ಲೇ. ಆರ್ಥಿಕ, ಸಾಮಾಜಿಕ ಹಕ್ಕುಗಳ 1966ರ ಅಂತರರಾಷ್ಟ್ರೀಯ ಒಡಂಬಡಿಕೆಯ (ದೇಶಗಳ ನಡುವಿನ ಒಪ್ಪಂದ) 2ನೇ ವಿಧಿ, ಇರುವ ಸಂಪನ್ಮೂಲವನ್ನು ಆದಷ್ಟೂ ಬಳಸಿ ಹಂತಹಂತವಾಗಿ ಹಕ್ಕು ಜಾರಿಗೆ ತನ್ನಿ ಎನ್ನುತ್ತದೆ. ಪ್ರತಿ ಹಕ್ಕಿನ ಕನಿಷ್ಠ ಮಟ್ಟವನ್ನಾದರೂ ಕೊಡಲೇಬೇಕು ಎಂದು 1990ರಲ್ಲಿ ವಿಶ್ವಸಂಸ್ಥೆಯ ಸಮಿತಿ ಹೇಳಿತು. ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ ವಸತಿ ಹಕ್ಕಿನ ಬಗೆಗಿನ 2000ನೇ ಇಸವಿಯ ಗ್ರೂಟ್‌ಬೂಮ್ ತೀರ್ಪಿನಲ್ಲಿ ಆ ದಾರಿ ಹಿಡಿಯಲಿಲ್ಲ. ಸರ್ಕಾರದ ಕ್ರಮ ಸಮಂಜಸವೇ ಎಂದು ನೋಡಿತು. ಇಷ್ಟೆಲ್ಲ ಓದಿಕೊಂಡಿದ್ದೇನೆ. ಆದರೆ ಸರ್ಕಾರ "ದುಡ್ಡಿಲ್ಲ" ಅಂದಾಗ ಅದು ನಿಜವೋ ನೆಪವೋ ಅಂತ ತಿಳಿಯಲು ಬಜೆಟ್ ಓದೋಕೆ ಬರಬೇಕು, ಅಲ್ವಾ? ನಾನೇ ಕಲಿಯಲು ಕೂತೆ. ಎರಡು ತಿಂಗಳಾದರೂ ತಲೆಗೆ ಹತ್ತಲಿಲ್ಲ. (ಲೆಕ್ಕ ಬೇಡ ಅಂತಲೇ ಕಾನೂನು ಓದಿದವನು ನಾನು!)

ಈ ಕೆಲಸದಲ್ಲಿರುವವರು ಹೇಳಿ: ಒಂದು ವರ್ಷ ಬಜೆಟ್ ವಿಶ್ಲೇಷಣೆ ಕಲಿತು ಆಮೇಲೆ ಅರ್ಜಿ ಹಾಕಲೇ, ಇಲ್ಲಾ ಅರ್ಥಶಾಸ್ತ್ರ ಓದಿದ ಒಬ್ಬರನ್ನು ಜೊತೆಗೆ ಸೇರಿಸಿಕೊಂಡು ಈಗಲೇ ಪ್ರಸ್ತಾವ ತಿದ್ದಲೇ?